ರೋಗಿ ಯಾರ ಅಮಾನತ್ತು?

ನಮ್ಮ ಕಡೆ ಯಾರಾದರೂ ಆಸ್ಪತ್ರೆ ಸೇರಿದ ಸುದ್ದಿ ಬಂದರೆ ಜನ ಕೇಳುವ ಮೊದಲ ಪ್ರಶ್ನೆ ‘ಏನಾಗೇತಿ?’ ಎಂಬುದು. ಎರಡನೆಯದು ‘ಯಾರ ಕಡೆ ಇಟ್ಟೀರಿ?’ ಎಂಬುದು. ಈ ಎರಡನೆಯ ಪ್ರಶ್ನೆಯಲ್ಲಿ ಯಾವ ಆಸ್ಪತ್ರೆ ಎಂಬ ಅರ್ಥಕ್ಕಿಂತ ಯಾವ ಡಾಕ್ಟರರ ಕೈಯಲ್ಲಿ ಎಂಬ ಅರ್ಥವೇ ಹೆಚ್ಚು. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಮನೆಗಳಲ್ಲಿ ಒಂದು ಕಾಲಕ್ಕೆ ಈ ಪ್ರಶ್ನೆಗೆ ಒಂದೇ ಒಂದು ಹೆಸರು ಉತ್ತರವಾಗಿ ಬರುತ್ತಿತ್ತು. ಆ ಹೆಸರು ಕೇಳಿದ ಕೂಡಲೇ ಕೇಳಿದವರು ‘ಹಂಗಾದ್ರ ಚಿಂತಿಲ್ಲ’ ಎನ್ನುತ್ತಿದ್ದರು, ಇಲ್ಲವೇ ಸುಮ್ಮನಾಗುತ್ತಿದ್ದರು. ಎರಡರಲ್ಲೂ ಅರ್ಥವಿತ್ತು.

ಈಗ ಅದೇ ಪ್ರಶ್ನೆಯನ್ನು ಕೇಳಿ ನೋಡಿ. ‘ಹಾರ್ಟಿಗೆ ಒಬ್ಬರು ನೋಡತಾರ, ಕಿಡ್ನಿಗೆ ಇನ್ನೊಬ್ಬರು ಬರ್ತಾರ, ಶುಗರಿಗೆ ಮತ್ತೊಬ್ಬರು. ರಾತ್ರಿ ಇರೋರು ಬ್ಯಾರೆ, ಅವರ ಹೆಸರು ಗೊತ್ತಿಲ್ಲ’ ಎಂಬ ಉತ್ತರ ಸಿಗುತ್ತದೆ. ಡಾಕ್ಟರರ ಸಂಖ್ಯೆ ಹೆಚ್ಚಾಗಿದೆ, ಯಂತ್ರಗಳು ಹೆಚ್ಚಾಗಿವೆ, ಬದುಕಿ ಬರುವವರೂ ಹೆಚ್ಚಾಗಿದ್ದಾರೆ. ಇದನ್ನು ಅಲ್ಲಗಳೆಯುವುದು ಕೃತಘ್ನತೆಯಾದೀತು. ಆದರೆ ‘ಯಾರ ಕಡೆ’ ಎಂಬ ಆ ಸರಳ ಪ್ರಶ್ನೆಗೆ ಮಾತ್ರ ಉತ್ತರವಿಲ್ಲದಂತಾಗಿದೆ. ಇದು ಬರೀ ವ್ಯವಸ್ಥೆಯ ಕೊರತೆಯೋ ಅಥವಾ ನೀತಿಯ ಪ್ರಶ್ನೆಯೋ? ನಾವು ಎತ್ತಿಕೊಳ್ಳಬೇಕೆಂದಿರುವ ವಿಷಯ ಇದೇ.

ಗಡಿಯ ಈ ಐದು ತಾಲೂಕುಗಳ ಜನರಿಗೆ ದೊಡ್ಡ ರೋಗವೆಂದರೆ ಮಿರಜ ನೆನಪಾಗುತ್ತದೆ. ಜಿಲ್ಲೆಯ ಮುಖ್ಯ ಊರಾದ ಬೆಳಗಾವಿ ಅಥಣಿಯವರಿಗೆ ನೂರಕ್ಕೂ ಹೆಚ್ಚು ಕಿಲೋಮೀಟರ್ ದೂರ. ಕಾಗವಾಡದವರಿಗಾದರೋ ಮಿರಜ ಕೂಗಳತೆಯಲ್ಲಿದೆ. ರಾಯಬಾಗ, ಕುಡಚಿ, ಉಗಾರ, ಶೇಡಬಾಳದ ಸ್ಟೇಷನ್‌ಗಳಲ್ಲಿ ರೈಲು ಹತ್ತಿದರೆ ಮುಟ್ಟುವುದು ಅಲ್ಲಿಗೇ. ನಿಪ್ಪಾಣಿಯವರು ಹೆದ್ದಾರಿ ಹಿಡಿದು ಕೊಲ್ಹಾಪುರಕ್ಕೋ ಬೆಳಗಾವಿಗೋ ಹೋಗುತ್ತಾರೆ. ಮಿರಜಕ್ಕೆ ಹೋದವರು ಎರಡು ಕಡೆ ಹೋಗುತ್ತಾರೆ. ಒಂದು ಮೀರಾಸಾಹೇಬರ ದರ್ಗಾ, ಇನ್ನೊಂದು ದವಾಖಾನೆ. ಯಾವುದು ಮೊದಲು ಎಂಬುದು ಅವರವರ ನಂಬಿಕೆಗೆ ಬಿಟ್ಟದ್ದು. ಹಿಂದೂ ಮುಸ್ಲಿಂ ಜೈನ ಎಂಬ ಭೇದ ಆ ದಾರಿಯಲ್ಲಿ ಇರಲಿಲ್ಲ.

ಮಿರಜಕ್ಕೆ ಈ ಹೆಸರು ಬಂದದ್ದು ಸುಮ್ಮನೆ ಅಲ್ಲ. ಕೆನಡಾದಲ್ಲಿ ಹುಟ್ಟಿದ ಡಾ. ವಿಲಿಯಂ ವಾನ್ಲೆಸ್ ಅಮೆರಿಕದ ಪ್ರೆಸ್ಬಿಟೇರಿಯನ್ ಮಿಷನ್ನಿನ ವೈದ್ಯರಾಗಿ ಬಂದು 1894ರಲ್ಲಿ ಅಲ್ಲಿ ಆಸ್ಪತ್ರೆ ತೆರೆದರು. 1897ರಲ್ಲಿ ಅದರ ಜೊತೆಗೆ ವೈದ್ಯಕೀಯ ಶಾಲೆಯೊಂದನ್ನೂ ಕಟ್ಟಿದರು. ಕೊಲ್ಹಾಪುರದ ಶಾಹು ಮಹಾರಾಜರು ಅವರ ಗೆಳೆಯರಾಗಿದ್ದರು. ಬ್ರಿಟಿಷ್ ಸರಕಾರ 1928ರಲ್ಲಿ ಅವರಿಗೆ ‘ಸರ್’ ಪದವಿ ಕೊಟ್ಟಿತು, 1933ರಲ್ಲಿ ಅವರು ತೀರಿಕೊಂಡರು. ನಮ್ಮ ಮಾತಿಗೆ ಬೇಕಾದದ್ದು ಅವರ ಪದವಿಯಲ್ಲ. ಅಂಥ ಮಿಷನ್ ಆಸ್ಪತ್ರೆಗಳಲ್ಲಿ ಡಾಕ್ಟರರ ಮನೆ ಆಸ್ಪತ್ರೆಯ ಆವರಣದಲ್ಲೇ ಇರುತ್ತಿತ್ತು. ಕೊಯ್ದವರೇ ಹೊಲಿಯುತ್ತಿದ್ದರು, ಹೊಲಿದವರೇ ರಾತ್ರಿ ಕಂದೀಲು ಹಿಡಿದು ಬಂದು ನೋಡುತ್ತಿದ್ದರು. ರೋಗಿ ಯಾರ ಕಡೆ ಇದ್ದಾನೆ ಎಂಬ ಸಂಶಯ ಆ ಕಾಲದಲ್ಲಿ ಯಾರಿಗೂ ಬರುವಂತಿರಲಿಲ್ಲ.

ಆ ಕಾಲವನ್ನು ಹೊಗಳಿ ಈ ಕಾಲವನ್ನು ಬೈಯುವುದು ಸುಲಭ. ಆದರೆ ಅದು ಪ್ರಾಮಾಣಿಕವಲ್ಲ. ಆ ಕಂದೀಲಿನ ಬೆಳಕಿನಲ್ಲಿ ಉಳಿಸಲಾಗದ ಎಷ್ಟೋ ಜೀವಗಳನ್ನು ಇಂದು ಉಳಿಸಲಾಗುತ್ತಿದೆ. ಒಬ್ಬನೇ ಮನುಷ್ಯ ಹೃದಯ, ಮೆದುಳು, ಮೂತ್ರಪಿಂಡ, ಎಲುಬು ಎಲ್ಲವನ್ನೂ ಬಲ್ಲವನಾಗಿರುವ ದಿನಗಳು ಹೋದವು. ಜ್ಞಾನ ಬೆಳೆದಾಗ ಅದನ್ನು ಹಂಚಿಕೊಳ್ಳದೆ ಗತ್ಯಂತರವಿಲ್ಲ. ಪ್ರಶ್ನೆ ಇಷ್ಟೇ: ಜ್ಞಾನವನ್ನು ಹಂಚಿಕೊಂಡಂತೆ ಹೊಣೆಯನ್ನೂ ಹಂಚಿಕೊಳ್ಳಲು ಬರುತ್ತದೆಯೇ?

ಒಬ್ಬ ರೈತನನ್ನು ಊಹಿಸಿಕೊಳ್ಳೋಣ. ರಾಯಬಾಗದ ಕಡೆಯವನು, ಕಬ್ಬಿನ ಗದ್ದೆಯವನು, ಅರವತ್ತರ ಪ್ರಾಯ. ಶುಗರ್ ಇದೆ, ಬಿಪಿ ಇದೆ. ಕಾಲಿನ ಹುಣ್ಣು ಕೊಳೆತು ಜ್ವರ ಬಂದು ದೊಡ್ಡ ಆಸ್ಪತ್ರೆ ಸೇರಿದ್ದಾನೆ. ಸರ್ಜನ್ ಬೆಳಿಗ್ಗೆ ಬಂದು ಕಾಲು ನೋಡಿ ಹೋಗುತ್ತಾರೆ. ಅವರಿಗೆ ಇನ್ನೂ ಮೂರು ಆಸ್ಪತ್ರೆಗಳಲ್ಲಿ ಆಪರೇಶನ್ ಇದೆ. ಮಧ್ಯಾಹ್ನ ಕಿಡ್ನಿಯವರು ಬಂದು ರಕ್ತದ ವರದಿ ನೋಡಿ ಒಂದು ಔಷಧ ನಿಲ್ಲಿಸಲು ಬರೆಯುತ್ತಾರೆ. ಸಂಜೆ ಶುಗರಿನವರು ಇನ್ಸುಲಿನ್ ಏರಿಸುತ್ತಾರೆ. ಮೂವರೂ ತಮ್ಮ ಕೆಲಸವನ್ನು ಸರಿಯಾಗಿಯೇ ಮಾಡಿದ್ದಾರೆ. ಆದರೆ ರೈತ ಆ ರಾತ್ರಿ ಊಟ ಸೇರದೆ ತಾಟು ಹಾಗೇ ಬಿಟ್ಟ ಎಂಬುದು ಮೂವರಲ್ಲಿ ಯಾರಿಗೂ ಗೊತ್ತಿಲ್ಲ. ಊಟವಿಲ್ಲದೆ ಏರಿಸಿದ ಇನ್ಸುಲಿನ್ ಹೋದರೆ ಸಕ್ಕರೆ ಕುಸಿಯುತ್ತದೆ. ರಾತ್ರಿ ಮೂರಕ್ಕೆ ಅವನು ಬೆವರುತ್ತಾನೆ, ಏನೇನೋ ಮಾತಾಡುತ್ತಾನೆ. ಈ ಬೆವರು ಯಾವ ವಿಭಾಗಕ್ಕೆ ಸೇರಿದ್ದು?

ಇದೇ ಪ್ರಶ್ನೆ ಅಮೆರಿಕದಲ್ಲೂ ಎದ್ದಿತ್ತು. ಅಲ್ಲಿ ಮೊದಲು ಮನೆಯ ಡಾಕ್ಟರರೇ ಬೆಳಿಗ್ಗೆ ಆಸ್ಪತ್ರೆಗೆ ಬಂದು ತಮ್ಮ ರೋಗಿಗಳನ್ನು ನೋಡಿಕೊಂಡು, ಆಮೇಲೆ ತಮ್ಮ ದವಾಖಾನೆಗೆ ಹೋಗುವ ರೂಢಿಯಿತ್ತು. ರೋಗಗಳು ಜಟಿಲವಾದಂತೆ, ಆಸ್ಪತ್ರೆಯ ಕೆಲಸದ ವೇಗ ಹೆಚ್ಚಾದಂತೆ ಈ ರೂಢಿ ಸಾಲದಾಯಿತು. 1996ರಲ್ಲಿ ಕ್ಯಾಲಿಫೋರ್ನಿಯಾದ ರಾಬರ್ಟ್ ವಾಕ್ಟರ್ ಮತ್ತು ಲೀ ಗೋಲ್ಡ್‌ಮನ್ ಎಂಬ ಇಬ್ಬರು ವೈದ್ಯರು ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ ಪತ್ರಿಕೆಯಲ್ಲಿ ಒಂದು ಹೊಸ ಹೆಸರನ್ನು ಮುಂದಿಟ್ಟರು: ‘ಹಾಸ್ಪಿಟಲಿಸ್ಟ್’. ಅಂದರೆ ಆಸ್ಪತ್ರೆಯಲ್ಲಿ ಮಲಗಿದ ರೋಗಿಯನ್ನೇ ತನ್ನ ಮುಖ್ಯ ಕೆಲಸವಾಗಿ ಮಾಡಿಕೊಂಡ ವೈದ್ಯ. ಹೃದಯದವರನ್ನು, ಕಿಡ್ನಿಯವರನ್ನು ಕರೆಸುವುದು, ಅವರು ಬರೆದದ್ದು ಒಂದಕ್ಕೊಂದು ಹೊಂದುತ್ತದೆಯೇ ಎಂದು ನೋಡುವುದು, ಮನೆಯವರೊಂದಿಗೆ ಮಾತಾಡುವುದು, ಬಿಡುಗಡೆಯ ದಿನ ಮನೆಯ ಡಾಕ್ಟರರಿಗೆ ರೋಗಿಯನ್ನು ತಿರುಗಿ ಒಪ್ಪಿಸುವುದು ಇವರ ಕೆಲಸ. ಒಂದು ಅಂಗಕ್ಕೆ ಸೀಮಿತವಾಗದೆ ಇಡೀ ರೋಗಿಯನ್ನು ನೋಡುವ ತಜ್ಞರು ಎನ್ನಬಹುದು. ಇಪ್ಪತ್ತು ವರ್ಷಗಳಲ್ಲಿ, 2016ರ ಹೊತ್ತಿಗೆ, ಅಮೆರಿಕದಲ್ಲಿ ಇಂಥವರ ಸಂಖ್ಯೆ ಐವತ್ತು ಸಾವಿರ ಮುಟ್ಟಿತು.

ಹೆಸರು ಹೊಸದು, ವಿಚಾರ ಅಷ್ಟು ಹೊಸದಲ್ಲ. ಹತ್ತನೆಯ ಶತಮಾನದ ಕೊನೆಯಲ್ಲಿ ಬಾಗ್ದಾದಿನಲ್ಲಿ ತೆರೆದ ಅದುದಿ ಬೀಮಾರಿಸ್ತಾನದಲ್ಲಿ ಇಪ್ಪತ್ನಾಲ್ಕು ವೈದ್ಯರಿದ್ದರೆಂದೂ ಅವರು ಸರದಿಯ ಮೇಲೆ ಹಗಲು ರಾತ್ರಿ ಅಲ್ಲಿ ಇರುತ್ತಿದ್ದರೆಂದೂ ಇತಿಹಾಸಕಾರರು ಬರೆದಿಟ್ಟಿದ್ದಾರೆ. ಒಂಬತ್ತನೆಯ ಶತಮಾನದಲ್ಲಿ ಅರಬ್ಬಿಯಲ್ಲಿ ವೈದ್ಯರ ನಡತೆಯ ಬಗ್ಗೆ ಗ್ರಂಥ ಬರೆದ ಅಲ್ ರುಹಾವಿ, ವೈದ್ಯನು ರೋಗಿಯ ಸ್ಥಿತಿಯನ್ನು ಪ್ರತಿ ಭೇಟಿಯಲ್ಲೂ ಬರೆದಿಡಬೇಕು, ರೋಗಿ ಸತ್ತರೆ ಆ ಬರಹವನ್ನು ಬೇರೆ ವೈದ್ಯರು ಪರಿಶೀಲಿಸಬೇಕು ಎಂಬ ಪದ್ಧತಿಯನ್ನು ವಿವರಿಸಿದ್ದಾನೆ. ನಮ್ಮವರು ಎಲ್ಲವನ್ನೂ ಮೊದಲೇ ಕಂಡುಹಿಡಿದಿದ್ದರೆಂದು ಮೀಸೆ ತಿರುವಲು ಇದನ್ನು ಹೇಳುತ್ತಿಲ್ಲ. ಆಸ್ಪತ್ರೆ ಎಂಬುದು ಹುಟ್ಟಿದ ಕಾಲದಿಂದಲೂ ಎರಡು ಮಾತುಗಳು ಅದರ ಜೊತೆಗಿವೆ: ಯಾರಾದರೊಬ್ಬರು ಅಲ್ಲಿ ಇರಬೇಕು, ಇದ್ದವರು ಲೆಕ್ಕ ಕೊಡಬೇಕು.

ಈಗ ನಮ್ಮ ಆಸ್ಪತ್ರೆಗಳಿಗೆ ಬರೋಣ. ನಮ್ಮಲ್ಲಿ ‘ಹಾಸ್ಪಿಟಲಿಸ್ಟ್’ ಎಂಬ ಹೆಸರನ್ನು ದೊಡ್ಡ ನಗರಗಳ ಕೆಲವು ಕಾರ್ಪೊರೇಟ್ ಆಸ್ಪತ್ರೆಗಳ ಹೊರಗೆ ಕೇಳಿದವರು ಕಡಿಮೆ. ಆದರೆ ಆ ಕೆಲಸವನ್ನು ಮಾಡುತ್ತಿರುವವರು ಪ್ರತಿ ನರ್ಸಿಂಗ್ ಹೋಮಿನಲ್ಲೂ ಇದ್ದಾರೆ. ಅವರನ್ನು ನಾವು ‘ಡ್ಯೂಟಿ ಡಾಕ್ಟರ್’ ಎನ್ನುತ್ತೇವೆ. ಕೆಲವು ಕಡೆ ‘ಆರ್‌ಎಂಓ’ ಎನ್ನುತ್ತಾರೆ. ಮನೆಯವರು ಮಾತ್ರ ಅವರನ್ನು ‘ಸಣ್ಣ ಡಾಕ್ಟರ್’ ಎಂದು ಕರೆಯುತ್ತಾರೆ. ದಿನಕ್ಕೊಮ್ಮೆ ಐದು ನಿಮಿಷ ಬಂದು ಹೋಗುವವರು ‘ದೊಡ್ಡ ಡಾಕ್ಟರ್’, ಹನ್ನೆರಡು ತಾಸು ಅಲ್ಲೇ ಇರುವವರು ‘ಸಣ್ಣ ಡಾಕ್ಟರ್’. ಭಾಷೆ ಎಷ್ಟು ಸಹಜವಾಗಿ ನಮ್ಮ ತಕ್ಕಡಿಯನ್ನು ತೋರಿಸಿಬಿಡುತ್ತದೆ ನೋಡಿ.

ಈ ಸಣ್ಣ ಡಾಕ್ಟರ್ ಯಾರು? ಎಂಬಿಬಿಎಸ್ ಮುಗಿಸಿ ಪಿಜಿ ಸೀಟಿಗಾಗಿ ಓದುತ್ತಿರುವ ಹುಡುಗ ಇರಬಹುದು. ಅನೇಕ ಸಲ ಆಯುರ್ವೇದವನ್ನೋ ಹೋಮಿಯೋಪತಿಯನ್ನೋ ಓದಿದವರಿರುತ್ತಾರೆ. ಅಲೋಪತಿ ಕಲಿಯದ ವೈದ್ಯ ಅಲೋಪತಿ ಔಷಧ ಕೊಟ್ಟರೆ ಅದು ನಿರ್ಲಕ್ಷ್ಯವೇ ಸರಿ ಎಂದು ಸುಪ್ರೀಂ ಕೋರ್ಟು ಮುಂಬಯಿಯ ಒಂದು ಪ್ರಕರಣದಲ್ಲಿ ತೀರ್ಪು ಕೊಟ್ಟಿದೆ. ಆ ತೀರ್ಪು ಬಂದದ್ದು ಅದೇ 1996ರಲ್ಲಿ. ಅಲ್ಲಿ ಆ ವರ್ಷ ಆಸ್ಪತ್ರೆಯ ವೈದ್ಯನಿಗೆ ಒಂದು ಹೆಸರು ಸಿಕ್ಕಿತು. ಇಲ್ಲಿ ಆ ವರ್ಷ ಒಂದು ಗೆರೆ ಎಳೆಯಲಾಯಿತು, ಮತ್ತು ಆ ಗೆರೆಯ ಮೇಲೆಯೇ ರಾತ್ರಿ ಪಾಳಿಗಳು ನಡೆಯುತ್ತ ಬಂದವು. ಏಕೆಂದರೆ ರಾತ್ರಿ ಎಚ್ಚರಿರಲು ಯಾರಾದರೂ ಬೇಕು, ಕಡಿಮೆ ಸಂಬಳಕ್ಕೆ ಸಿಗಬೇಕು. ಇಲ್ಲಿ ನಾವು ಆ ವೈದ್ಯರನ್ನು ದೂರುತ್ತಿಲ್ಲ. ಅವರನ್ನು ಅವರು ಕಲಿಯದ ಕೆಲಸಕ್ಕೆ ನಿಲ್ಲಿಸಿ, ಏನೂ ಆಗದಿದ್ದರೆ ಲಾಭ ತಾನು ಪಡೆದು, ಏನಾದರೂ ಆದರೆ ಅವರನ್ನೇ ಮುಂದೆ ನೂಕುವ ವ್ಯವಸ್ಥೆಯನ್ನು ದೂರುತ್ತಿದ್ದೇವೆ.

ರಾತ್ರಿ ಮೂರಕ್ಕೆ ನಮ್ಮ ರೈತ ಬೆವರಿದಾಗ ಡ್ಯೂಟಿ ಡಾಕ್ಟರರು ಓಡಿ ಬರುತ್ತಾರೆ. ಎಷ್ಟೋ ಸಲ ಅವರೇ ಸಕ್ಕರೆ ಪರೀಕ್ಷಿಸಿ ಗ್ಲೂಕೋಸ್ ಏರಿಸಿ ಜೀವ ಉಳಿಸುತ್ತಾರೆ. ಆದರೆ ಬೆಳಿಗ್ಗೆ ಇನ್ಸುಲಿನ್ ಕಡಿಮೆ ಮಾಡುವ ಅಧಿಕಾರ ಅವರಿಗಿಲ್ಲ. ಅದಕ್ಕೆ ‘ಸರ್’ಗೆ ಫೋನು ಮಾಡಬೇಕು. ಸರ್ ಆಪರೇಶನ್ನಿನಲ್ಲಿದ್ದರೆ ಕಾಯಬೇಕು. ಮನೆಯವರು ‘ಏನಾಗೇತ್ರಿ?’ ಎಂದು ಕೇಳಿದರೆ ‘ಸರ್ ಬಂದು ಹೇಳತಾರ’ ಎನ್ನಬೇಕು. ರೋಗಿಯ ಬಳಿ ಇರುವವರಿಗೆ ತೀರ್ಮಾನದ ಅಧಿಕಾರವಿಲ್ಲ, ಅಧಿಕಾರವಿರುವವರು ರೋಗಿಯ ಬಳಿ ಇಲ್ಲ. ನೀತಿಯ ಗಂಟು ಇರುವುದು ಇಲ್ಲೇ ಎಂದು ನಮಗೆ ಅನಿಸುತ್ತದೆ.

ಹಳ್ಳಿಯ ಜನರಿಗೂ ಅರ್ಥವಾಗುವ ಒಂದು ಪದ ನಮ್ಮಲ್ಲಿದೆ: ಅಮಾನತ್ತು. ಉರ್ದುವಿನಿಂದ ಬಂದು ಕನ್ನಡದ ಕಚೇರಿಗಳಲ್ಲೂ ಬಾಯಿಮಾತಿನಲ್ಲೂ ಬೇರೂರಿದ ಪದ. ಕಚೇರಿಯಲ್ಲಿ ನೌಕರನನ್ನು ಅಮಾನತು ಮಾಡಿದರೆಂದರೆ ಕೆಲಸದಿಂದ ದೂರ ಇಟ್ಟರೆಂದು ಅರ್ಥ. ಮೂಲದಲ್ಲಿ ಅದು ನಂಬಿ ಒಪ್ಪಿಸಿದ್ದು, ತಿರುಗಿ ಕೊಡಬೇಕಾದದ್ದು. ನೆರೆಮನೆಯವರು ಯಾತ್ರೆಗೆ ಹೋಗುವಾಗ ಬಂಗಾರವನ್ನು ನಮ್ಮಲ್ಲಿ ಇಟ್ಟು ಹೋದರೆ ಅದು ಅಮಾನತ್ತು. ಆಸ್ಪತ್ರೆಗೆ ಸೇರಿದ ಮನುಷ್ಯ ತನ್ನ ಬಟ್ಟೆ ಬಿಚ್ಚಿ ಅವರು ಕೊಟ್ಟ ಬಟ್ಟೆ ಉಡುತ್ತಾನೆ, ಅವರು ಕೊಟ್ಟದ್ದನ್ನು ತಿನ್ನುತ್ತಾನೆ, ಅವರು ಚುಚ್ಚಿದರೆ ಕೈ ಚಾಚುತ್ತಾನೆ. ಇದಕ್ಕಿಂತ ದೊಡ್ಡ ಒಪ್ಪಿಸುವಿಕೆ ಯಾವುದಿದೆ?

ಅಮಾನತ್ತಿಗೆ ಕೆಲವು ನಿಯಮಗಳಿವೆ. ಇವನ್ನು ಯಾವ ಕಿತಾಬಿನಿಂದಲೂ ತೆಗೆದು ಹೇಳಬೇಕಾಗಿಲ್ಲ, ಪ್ರತಿ ಮನೆಯ ಅಜ್ಜಿಗೆ ಗೊತ್ತಿವೆ. ಒಂದು, ಯಾರ ಕೈಗೆ ಕೊಟ್ಟೆವೆಂದು ಕೊಟ್ಟವರಿಗೆ ಗೊತ್ತಿರಬೇಕು. ಎರಡು, ಇಟ್ಟುಕೊಂಡವರ ಬಳಿ ಪೆಟ್ಟಿಗೆಯ ಕೀಲಿಯೂ ಇರಬೇಕು. ಕೀಲಿ ಇನ್ನೊಬ್ಬರ ಬಳಿ ಇದ್ದರೆ ಕಾಯುವವನು ಕಾವಲುಗಾರನೇ ಹೊರತು ಅಮೀನನಲ್ಲ. ಮೂರು, ಇಟ್ಟುಕೊಂಡವರು ಊರು ಬಿಡಬೇಕಾಗಿ ಬಂದರೆ ‘ಇಂಥ ವಸ್ತು, ಇಷ್ಟು ತೂಕ, ಇಂಥವರದು’ ಎಂದು ಹೇಳಿ ಇನ್ನೊಬ್ಬರ ಕೈಗೆ ಕೊಟ್ಟು ಹೋಗಬೇಕು. ಬಾಗಿಲ ಹತ್ತಿರ ಇಟ್ಟು ಹೋಗುವಂತಿಲ್ಲ. ನಮ್ಮ ವಾರ್ಡುಗಳನ್ನು ಈ ಮೂರು ನಿಯಮಗಳಿಂದ ಅಳೆದರೆ ಎಲ್ಲಿ ಬಿರುಕು ಇದೆಯೆಂಬುದು ತಾನಾಗಿ ಕಾಣುತ್ತದೆ. ಒಬ್ಬರ ಹೊಣೆ ಹತ್ತು ಜನರಿಗೆ ಸೇರಿದಾಗ ಪ್ರತಿಯೊಬ್ಬರಿಗೂ ಹತ್ತರಲ್ಲಿ ಒಂದು ಪಾಲು ಬರುವುದಿಲ್ಲ. ಉಳಿದ ಒಂಬತ್ತು ಜನ ನೋಡಿಕೊಳ್ಳುತ್ತಾರೆ ಎಂಬ ಸಮಾಧಾನ ಮಾತ್ರ ಪ್ರತಿಯೊಬ್ಬರಿಗೂ ಬರುತ್ತದೆ.

ಮೂರನೆಯ ನಿಯಮದ ಬಗ್ಗೆ ಒಂದು ಅಧ್ಯಯನವನ್ನು ಇಲ್ಲಿ ನೆನೆಯಬಹುದು. ಪಾಳಿ ಮುಗಿಸಿ ಹೋಗುವ ಕಿರಿಯ ವೈದ್ಯರು ಪಾಳಿಗೆ ಬರುವವರಿಗೆ ರೋಗಿಯನ್ನು ಒಪ್ಪಿಸುವಾಗ ಏನೇನು ಹೇಳಬೇಕೆಂಬುದನ್ನು ಕ್ರಮಬದ್ಧವಾಗಿ ಕಲಿಸಿದರೆ ಏನಾಗುತ್ತದೆ ಎಂದು ಉತ್ತರ ಅಮೆರಿಕದ ಒಂಬತ್ತು ಮಕ್ಕಳ ಆಸ್ಪತ್ರೆಗಳಲ್ಲಿ ನೋಡಿದರು. ಫಲಿತಾಂಶ 2014ರಲ್ಲಿ ಪ್ರಕಟವಾಯಿತು. ಚಿಕಿತ್ಸೆಯ ತಪ್ಪುಗಳು ಶೇಕಡಾ 23ರಷ್ಟು ಕಡಿಮೆಯಾದವು, ತಪ್ಪಿಸಬಹುದಾಗಿದ್ದ ಅನಾಹುತಗಳು ಶೇಕಡಾ 30ರಷ್ಟು ಕಡಿಮೆಯಾದವು. ಹೊಸ ಔಷಧವಿಲ್ಲ, ಹೊಸ ಯಂತ್ರವಿಲ್ಲ. ರೋಗ ಎಷ್ಟು ಗಂಭೀರ, ಇಲ್ಲಿಯವರೆಗೆ ಏನಾಯಿತು, ಮುಂದೆ ಏನು ಮಾಡಬೇಕು, ಏನಾದರೆ ಏನು ಮಾಡಬೇಕು ಎಂದು ಹೇಳುವುದು, ಕೇಳಿದವರು ಅದನ್ನೇ ತಿರುಗಿ ಹೇಳುವುದು. ನಮ್ಮ ರೈತನ ವಿಷಯದಲ್ಲಿ ‘ರಾತ್ರಿ ಊಟ ಮಾಡಿಲ್ಲ’ ಎಂಬ ಒಂದು ಮಾತು ಸಾಕಾಗಿತ್ತು.

ಹಾಗಾದರೆ ಪ್ರತಿ ಆಸ್ಪತ್ರೆಯಲ್ಲೂ ಒಬ್ಬ ಹಾಸ್ಪಿಟಲಿಸ್ಟರನ್ನು ನೇಮಿಸಿಬಿಟ್ಟರೆ ಎಲ್ಲ ಸರಿಹೋಗುತ್ತದೆಯೇ? ಅಷ್ಟು ಸುಲಭವಲ್ಲ. ಅಮೆರಿಕದ ಅನುಭವವೇ ಎರಡು ಬಗೆಯಲ್ಲಿ ಮಾತಾಡುತ್ತದೆ. ಹಿರಿಯ ನಾಗರಿಕರ ಬಗ್ಗೆ 2011ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ ಇಂಥ ವೈದ್ಯರ ಕೈಯಲ್ಲಿದ್ದವರ ಆಸ್ಪತ್ರೆ ವಾಸ ಅರ್ಧ ದಿನಕ್ಕಿಂತ ತುಸು ಹೆಚ್ಚು ಕಡಿಮೆಯಾಯಿತು, ಆದರೆ ಮನೆಗೆ ಹೋದ ಮೇಲಿನ ಖರ್ಚು ಹೆಚ್ಚಾಯಿತು. 2017ರ ಇನ್ನೊಂದು ಅಧ್ಯಯನದಲ್ಲಿ, ತಮ್ಮ ಹಳೆಯ ಡಾಕ್ಟರರೇ ಆಸ್ಪತ್ರೆಯಲ್ಲೂ ನೋಡಿಕೊಂಡ ರೋಗಿಗಳು ತುಸು ಹೆಚ್ಚು ದಿನ ಉಳಿದರೂ ನೇರವಾಗಿ ಮನೆಗೆ ಮರಳಿದವರು ಅವರಲ್ಲೇ ಹೆಚ್ಚು, ಮುಂದಿನ ತಿಂಗಳಲ್ಲಿ ಸತ್ತವರು ಅವರಲ್ಲಿ ಕಡಿಮೆ ಎಂದು ಕಂಡುಬಂತು. ಹತ್ತು ವರ್ಷದ ಪರಿಚಯವೂ ಒಂದು ಔಷಧವೇ ಎಂದಾಯಿತು. ಬಳಿಯಲ್ಲಿರುವುದು ಒಂದು ಗುಣ, ಬಲ್ಲವರಾಗಿರುವುದು ಇನ್ನೊಂದು ಗುಣ. ಆಸ್ಪತ್ರೆಯ ವೈದ್ಯರಲ್ಲಿ ಮೊದಲನೆಯದಿದೆ, ಊರ ಡಾಕ್ಟರರಲ್ಲಿ ಎರಡನೆಯದಿದೆ.

ಇನ್ನೊಂದು ಸಂಶಯವೂ ಇದೆ. ಆಸ್ಪತ್ರೆಯಿಂದ ಸಂಬಳ ಪಡೆಯುವ ವೈದ್ಯ ಯಾರಿಗೆ ನಿಷ್ಠನಾಗಿರುತ್ತಾನೆ? ಹಾಸಿಗೆ ಬೇಗ ಖಾಲಿಯಾದರೆ ಲಾಭವಿರುವ ಕಡೆ ರೋಗಿಯನ್ನು ಬೇಗ ಕಳಿಸುವ ಒತ್ತಡ ಬರುತ್ತದೆ. ಹಾಸಿಗೆ ತುಂಬಿದ್ದರೆ ಲಾಭವಿರುವ ಕಡೆ ಉಳಿಸಿಕೊಳ್ಳುವ ಒತ್ತಡ ಬರುತ್ತದೆ. ನಮ್ಮ ರಾಜ್ಯದಲ್ಲಿ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯಿದೆಗೆ ತಿದ್ದುಪಡಿ ತರಲು ಹೊರಟಾಗ, 2017ರ ನವೆಂಬರಿನಲ್ಲಿ, ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ಅಧಿವೇಶನ ನಡೆಯುತ್ತಿರುವಾಗಲೇ ಖಾಸಗಿ ವೈದ್ಯರು ಮುಷ್ಕರ ಹೂಡಿದ್ದನ್ನು ನಮ್ಮ ಭಾಗದವರು ಮರೆತಿಲ್ಲ. ಮಸೂದೆ ಬದಲಾದ ರೂಪದಲ್ಲಿ ಅಂಗೀಕಾರವಾಯಿತು, ರೋಗಿಗಳ ಹಕ್ಕುಗಳ ಸನ್ನದು ಅದರಲ್ಲಿ ಸೇರಿತು. ಆದರೆ ಆಗ ಜಗಳ ನಡೆದದ್ದು ಹೆಚ್ಚಾಗಿ ದರದ ಬಗ್ಗೆ, ದಂಡದ ಬಗ್ಗೆ, ಶಿಕ್ಷೆಯ ಬಗ್ಗೆ. ರಾತ್ರಿ ಮೂರಕ್ಕೆ ಹಾಸಿಗೆಯ ಬಳಿ ಯಾರಿರಬೇಕು, ಅವರಿಗೆ ಏನು ಕಲಿಕೆ ಇರಬೇಕು, ಏನು ಅಧಿಕಾರವಿರಬೇಕು ಎಂಬುದು ಬೀದಿಯ ಚರ್ಚೆಯಾಗಲಿಲ್ಲ.

ಗಡಿಯ ಜನರ ಪಾಡು ಇನ್ನೊಂದು ಬಗೆ. 2023ರಲ್ಲಿ ಮಹಾರಾಷ್ಟ್ರ ಸರಕಾರ ತಾನು ಹಕ್ಕು ಸಾಧಿಸುವ 865 ಗಡಿ ಗ್ರಾಮಗಳ ಜನರಿಗೆ ತನ್ನ ಆರೋಗ್ಯ ವಿಮೆಯನ್ನು ವಿಸ್ತರಿಸಲು ಹೊರಟಿತು. ಕರ್ನಾಟಕ ಸರಕಾರ ಅದನ್ನು ಬಲವಾಗಿ ವಿರೋಧಿಸಿತು. ರೋಗಿ ಯಾರವನು ಎಂದು ಎರಡು ಸರಕಾರಗಳು ವಾದಿಸಿದವು. ಆದರೆ ಆ ವಾದದಲ್ಲಿ ‘ಯಾರವನು’ ಎಂದರೆ ‘ಯಾರ ಪ್ರಜೆ’ ಎಂದರ್ಥ, ‘ಯಾರ ಹೊಣೆ’ ಎಂದಲ್ಲ. ಹಕ್ಕು ಸಾಧಿಸುವಾಗ ಇಬ್ಬರು, ಮಂಚದ ಬಳಿ ಒಬ್ಬರೂ ಇಲ್ಲ ಎಂಬಂತಾಗಬಾರದು.

ಭಾಷೆಯ ವಿಷಯವನ್ನೂ ಹೇಳಬೇಕು. ನಮ್ಮ ಹೆಂಗಸರು ‘ಜೀವಕ್ಕ ಹೆಂಗೋ ಆಗಾಕತ್ತೇತಿ’ ಎನ್ನುತ್ತಾರೆ. ಅದು ಎದೆನೋವಿನ ಮುನ್ಸೂಚನೆ ಇರಬಹುದು, ಹೊಟ್ಟೆಯ ಸಂಕಟ ಇರಬಹುದು, ಬರೀ ಹೆದರಿಕೆಯೂ ಇರಬಹುದು. ಮುಸ್ಲಿಂ ಮನೆಯ ಮುದುಕಿ ಅದನ್ನೇ ದಖನಿಯಲ್ಲಿ ‘ದಿಲ್ ಘಬ್ರಾ ರಾ’ ಎನ್ನುತ್ತಾಳೆ. ಅದನ್ನು ಮರಾಠಿ ಮಾತಾಡುವ ಡಾಕ್ಟರರಿಗೆ ಮಗನು ಅನುವಾದಿಸಿ ಹೇಳುವಷ್ಟರಲ್ಲಿ ಅರ್ಧ ಅರ್ಥ ಸೋರಿಹೋಗಿರುತ್ತದೆ. ಐದು ನಿಮಿಷಕ್ಕೆ ಬಂದು ಹೋಗುವವರಿಗೆ ಈ ಮಾತು ಹಿಡಿಯುವುದಿಲ್ಲ. ಮೂರು ದಿನ ಅದೇ ಮುಖ ನೋಡಿದವರಿಗೆ ಮಾತಿಲ್ಲದೆಯೂ ತಿಳಿಯುತ್ತದೆ. ಇರುವಿಕೆಯ ಬೆಲೆ ಇದು.

‘ಇದೆಲ್ಲ ಪುರಾಣ ಯಾಕೆ, ನಮ್ಮ ಮಂದಿ ಇರತಾರಲ್ಲ’ ಎನ್ನುವವರಿದ್ದಾರೆ. ನಿಜ. ಉರ್ದುವಿನಲ್ಲಿ ‘ತೀಮಾರ್‌ದಾರ್’ ಎಂಬ ಸುಂದರವಾದ ಪದವಿದೆ, ರೋಗಿಯ ಆರೈಕೆಗೆ ನಿಂತವರು ಎಂದು ಅದರ ಅರ್ಥ. ನಮ್ಮ ಆಸ್ಪತ್ರೆಗಳಲ್ಲಿ ನಿಜವಾದ ಹಾಸ್ಪಿಟಲಿಸ್ಟ್ ಎಂದರೆ ಮಂಚದ ಕೆಳಗೆ ಚಾಪೆ ಹಾಸಿಕೊಂಡು ಮಲಗುವ ಸೊಸೆಯೋ ತಂಗಿಯೋ ಆಗಿರುತ್ತಾಳೆ. ಯಾವ ಗುಳಿಗೆ ಯಾವಾಗ ನಿಂತಿತು, ಯಾವ ಸೂಜಿಗೆ ಮೈ ತುರಿಸಿತು, ಎಷ್ಟು ಹೊತ್ತಿನಿಂದ ಮೂತ್ರವಾಗಿಲ್ಲ ಎಂಬುದನ್ನೆಲ್ಲ ನೆನಪಿಟ್ಟವಳು ಅವಳು. ಫೈಲು ಹಿಡಿದು ಒಂದು ಕೋಣೆಯಿಂದ ಇನ್ನೊಂದಕ್ಕೆ ಓಡುವವನು ಅಳಿಯನೋ ತಮ್ಮನೋ. ಇವರನ್ನು ನಾವು ಎಷ್ಟು ಗೌರವಿಸಿದರೂ ಕಡಿಮೆಯೇ. ಆದರೆ ಬೀಡಿ ಕಟ್ಟುವ ಕೂಲಿಯನ್ನೋ ಗದ್ದೆಯ ಪಗಾರವನ್ನೋ ಬಿಟ್ಟು ಬಂದು ಕುಳಿತ ಆ ಹೆಣ್ಣುಮಗಳ ಮೇಲೆ, ಅವಳು ಕಲಿಯದ ವೈದ್ಯದ ಹೊಣೆಯನ್ನು ಹೊರಿಸುವುದು ನ್ಯಾಯವೇ? ಮತ್ತು ಯಾರೂ ಇಲ್ಲದವರ ಗತಿ ಏನು?

ಈ ಪ್ರಶ್ನೆಗೆ 2020 ಮತ್ತು 2021 ಉತ್ತರ ಕೊಟ್ಟವು. 2020ರ ಏಪ್ರಿಲ್‌ನಲ್ಲಿ ರಾಯಬಾಗ ತಾಲೂಕಿನ ಕುಡಚಿಯಲ್ಲಿ ಕೊರೊನಾ ಕಾಣಿಸಿಕೊಂಡು ಊರಿಗೆ ಊರೇ ಸೀಲ್‌ಡೌನ್ ಆಯಿತು. ರಾಜ್ಯದ ಗಡಿಗಳಲ್ಲಿ ಚೆಕ್‌ಪೋಸ್ಟ್‌ಗಳು ಎದ್ದವು, ಮಿರಜದ ದಾರಿ ಮೊದಲಿನಂತೆ ತೆರೆದಿರಲಿಲ್ಲ. ಕೊರೊನಾ ವಾರ್ಡುಗಳ ಒಳಗೆ ಮನೆಯವರಿಗೆ ಪ್ರವೇಶವಿರಲಿಲ್ಲ. ತೀಮಾರ್‌ದಾರರೆಲ್ಲ ಗೇಟಿನ ಹೊರಗೆ ಉಳಿದರು, ದೊಡ್ಡ ಡಾಕ್ಟರರಲ್ಲಿ ಹಲವರು ಫೋನಿನಲ್ಲೇ ಸಲಹೆ ಕೊಟ್ಟರು. ಒಳಗೆ ಉಳಿದವರು ಡ್ಯೂಟಿ ಡಾಕ್ಟರರು ಮತ್ತು ನರ್ಸುಗಳು. ಪ್ಲಾಸ್ಟಿಕ್ಕಿನ ಉಡುಪಿನಲ್ಲಿ ಬೆವರುತ್ತ ಆಮ್ಲಜನಕದ ಅಂಕಿ ನೋಡಿದವರು ಅವರೇ, ಸಾಯುವವರ ಕಿವಿಗೆ ಮನೆಯವರ ಫೋನು ಹಿಡಿದವರೂ ಅವರೇ. ಆ ದಿನಗಳಲ್ಲಿ ನಮಗೆ ಯಾರು ದೊಡ್ಡವರು ಯಾರು ಸಣ್ಣವರು ಎಂಬುದು ತಿಳಿದಿತ್ತು. ರೋಗ ಹೋದ ಮೇಲೆ ಹಳೆಯ ತಕ್ಕಡಿಯೇ ತಿರುಗಿ ಬಂತು.

ಅವರನ್ನು ನಾವು ಹೇಗೆ ನಡೆಸಿಕೊಳ್ಳುತ್ತೇವೆ ಎಂಬುದೂ ಇದೇ ಪ್ರಶ್ನೆಯ ಇನ್ನೊಂದು ಮುಖ. ಕಿರಿಯ ನಿವಾಸಿ ವೈದ್ಯರಿಗೆ ಒಮ್ಮೆಗೆ ಹನ್ನೆರಡು ತಾಸಿಗಿಂತ ಹೆಚ್ಚು ನಿರಂತರ ಕೆಲಸ ಕೊಡಬಾರದೆಂದು ಕೇಂದ್ರ ಸರಕಾರ 1992ರಲ್ಲೇ ಹೇಳಿತ್ತು. 2024ರ ಆಗಸ್ಟ್ 9ರಂದು ಕೊಲ್ಕತ್ತಾದ ಆರ್‌.ಜಿ. ಕರ್ ಆಸ್ಪತ್ರೆಯಲ್ಲಿ ದೀರ್ಘ ಪಾಳಿಯ ನಡುವೆ ವಿಶ್ರಾಂತಿಗೆಂದು ಸೆಮಿನಾರ್ ಕೋಣೆಯಲ್ಲಿ ಮಲಗಿದ್ದ ತರಬೇತಿ ವೈದ್ಯೆಯ ಶವ ಸಿಕ್ಕಿತು. ಅವಳ ಮೇಲೆ ಅತ್ಯಾಚಾರ ನಡೆದು ಕೊಲೆಯಾಗಿತ್ತು. ಇಡೀ ದೇಶದ ಕಿರಿಯ ವೈದ್ಯರು ಬೀದಿಗಿಳಿದರು. ನಮ್ಮ ಜೀವ ಕಾಯಲು ಎಚ್ಚರಿರುವವರಿಗೆ ಮಲಗಲು ಒಂದು ಭದ್ರ ಕೋಣೆಯನ್ನೂ ಕೊಡದ ಸಮಾಜ, ಅವರು ನಮ್ಮ ರೋಗಿಯನ್ನು ಅಮಾನತ್ತೆಂದು ತಿಳಿಯಬೇಕೆಂದು ಯಾವ ಬಾಯಿಂದ ಕೇಳುತ್ತದೆ? ರೋಗಿ ಸತ್ತಾಗ ಕೈಗೆ ಸಿಕ್ಕ ಸಣ್ಣ ಡಾಕ್ಟರರ ಅಂಗಿ ಹಿಡಿಯುವ, ಕಾಜು ಒಡೆಯುವ ಚಾಳಿ ನಮ್ಮ ಕಡೆಯೂ ಇದೆ. ಅಧಿಕಾರ ಕೊಡದವನ ಬಳಿ ಲೆಕ್ಕ ಕೇಳುವುದು ಜುಲುಮೆ.

ಹಾಗಾದರೆ ಏನು ಮಾಡಬೇಕು? ನಾವು ಕತೆ ಬರೆಯುವವರು, ಆಸ್ಪತ್ರೆ ನಡೆಸುವವರಲ್ಲ. ಆದರೂ ರೋಗಿಯ ಕಡೆಯವರಾಗಿ ಕೇಳಬಹುದಾದ ಕೆಲವು ಮಾತುಗಳಿವೆ. ಪ್ರತಿ ಹಾಸಿಗೆಯ ಮೇಲ್ಗಡೆ ‘ಈ ರೋಗಿಯ ಹೊಣೆ ಹೊತ್ತ ವೈದ್ಯರು ಇಂಥವರು, ಈ ರಾತ್ರಿ ಇಂಥವರು’ ಎಂದು ಕನ್ನಡದಲ್ಲೂ ಮರಾಠಿಯಲ್ಲೂ ಬರೆಯಲು ಒಂದು ಸುಣ್ಣದ ಕಡ್ಡಿ ಸಾಕು. ಬಿಡುಗಡೆಯ ದಿನ ಕೊಡುವ ಇಂಗ್ಲಿಷ್ ಕಾಗದದ ಜೊತೆ ನಾಲ್ಕು ಸಾಲು ಕನ್ನಡದಲ್ಲಿ ಬರೆದುಕೊಟ್ಟು, ಊರ ಡಾಕ್ಟರರಿಗೆ ಒಂದು ಫೋನು ಮಾಡಿದರೆ ಬಳಿಯಿದ್ದವರೂ ಬಲ್ಲವರೂ ಒಮ್ಮೆ ಕೂಡಿದಂತಾಗುತ್ತದೆ. ಇವಕ್ಕೆ ಹಣ ಬೇಡ. ಹಣ ಬೇಕಾದದ್ದು ಮುಂದಿನದಕ್ಕೆ: ರಾತ್ರಿ ನಿಲ್ಲುವವರು ಆ ಕೆಲಸಕ್ಕೆ ಕಲಿತವರಾಗಿರಬೇಕು, ಅವರಿಗೆ ತಕ್ಕ ಸಂಬಳ ಸಿಗಬೇಕು, ತಮ್ಮ ರೋಗಿಯ ಬಗ್ಗೆ ತೀರ್ಮಾನಿಸುವ ಹಕ್ಕು ಇರಬೇಕು. ತಾಲೂಕು ಆಸ್ಪತ್ರೆಗಳಲ್ಲಿ ಇದನ್ನು ಸರಕಾರ ಮಾಡಬೇಕು, ಖಾಸಗಿಯವರಿಂದ ಸರಕಾರ ಮಾಡಿಸಬೇಕು.

ನಮ್ಮ ಪಾಲಿನದೂ ಇದೆ. ಇಯಾದತ್, ಅಂದರೆ ರೋಗಿಯನ್ನು ಕಂಡು ಬರುವುದು, ನಮ್ಮಲ್ಲಿ ಪುಣ್ಯದ ಕೆಲಸ. ಆದರೆ ಜೀಪು ತುಂಬ ಜನ ಬಂದು ಎಲ್ಲರೂ ಒಬ್ಬೊಬ್ಬರಾಗಿ ಡ್ಯೂಟಿ ಡಾಕ್ಟರರನ್ನು ಅದೇ ಪ್ರಶ್ನೆ ಕೇಳಿದರೆ ಆ ಹೊತ್ತು ಯಾವುದೋ ರೋಗಿಯದು ಕಳೆಯುತ್ತದೆ. ಮನೆಯವರು ತಮ್ಮಲ್ಲಿ ಒಬ್ಬರನ್ನು ಮಾತಿಗೆ ಗೊತ್ತುಮಾಡಿದರೆ, ಆ ಒಬ್ಬರೇ ವೈದ್ಯರ ಮಾತನ್ನು ಕೇಳಿ ಉಳಿದವರಿಗೆ ತಿಳಿಸಿದರೆ, ಹೊಣೆ ಎರಡೂ ಕಡೆ ಒಂದೊಂದು ಮುಖ ಪಡೆಯುತ್ತದೆ.

ಎಲ್ಲ ರೋಗಿಗಳೂ ಗುಣವಾಗಿ ಬರುವುದಿಲ್ಲ. ಅಮಾನತ್ತು ಇಟ್ಟುಕೊಂಡವನ ಮನೆಗೂ ಬೆಂಕಿ ಬೀಳಬಹುದು, ನೆರೆ ನುಗ್ಗಬಹುದು. ಕೃಷ್ಣೆಯ ದಂಡೆಯ ನಮಗೆ ನೆರೆ ಎಂದರೇನೆಂದು ಗೊತ್ತು. ಇಟ್ಟದ್ದು ಹೋಯಿತೆಂದು ಯಾರೂ ಅವನನ್ನು ಕಳ್ಳನೆನ್ನುವುದಿಲ್ಲ. ಅವನು ಎದುರಿಗೆ ಬಂದು ನಿಂತು ‘ಹಿಂಗಾತು, ಇಷ್ಟು ಮಾಡಿದೆ, ಉಳಿಸಾಕ ಆಗಲಿಲ್ಲ’ ಎಂದು ಹೇಳಿದರೆ ಸಾಕು. ಜನ ನಂಬುತ್ತಾರೆ, ಅಳುತ್ತಾರೆ, ಮಣ್ಣು ಮಾಡಿ ಮನೆಗೆ ಹೋಗುತ್ತಾರೆ. ಹಾಗೆ ಎದುರಿಗೆ ಬಂದು ನಿಲ್ಲುವವರು ಯಾರೂ ಇಲ್ಲದಿದ್ದರೆ ಮಾತ್ರ ದುಃಖ ಸಂಶಯವಾಗುತ್ತದೆ, ಸಂಶಯ ಸಿಟ್ಟಾಗುತ್ತದೆ. ವೈದ್ಯರ ಮೇಲೆ ನಮ್ಮ ಜನ ಕಳೆದುಕೊಳ್ಳುತ್ತಿರುವ ನಂಬಿಕೆಯನ್ನು ಹೊಸ ಕಟ್ಟಡಗಳು ತಿರುಗಿ ತಂದುಕೊಡಲಾರವು. ‘ಈ ರೋಗಿ ನನ್ನವನು’ ಎಂದು ಹೇಳಬಲ್ಲ, ಹಾಗೆ ಹೇಳುವ ಹಕ್ಕನ್ನು ನಾವು ಕೊಟ್ಟಿರುವ ಒಬ್ಬ ಮನುಷ್ಯ ಪ್ರತಿ ಮಂಚದ ಬಳಿ ಇದ್ದರೆ ತಂದುಕೊಡಬಲ್ಲ.